ಡ್ರಗ್ ಟೆಸ್ಟ್‌ನಲ್ಲಿ ಸುಳ್ಳು ಪಾಸಿಟಿವ್ ಬಂತಾ? ಹೊಸ ಸ್ಯಾಂಪಲ್ ಬೇಡ, ಹಳೆಯದನ್ನೇ ಹಿಡಿಯಿರಿ

ಡ್ರಗ್ಸ್ ಕಣ್ಣಿಂದಲೂ ನೋಡದವರ ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದು ಬಂದುಬಿಟ್ಟರೆ? ನಾನು ನೋಡಿದವರಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ಕೆಲಸ. ಒಂದೆರಡು ದಿನ ಗಾಬರಿಯಲ್ಲಿ ಕಳೆದರು. ಆಮೇಲೆ ಬೇರೆ ಲ್ಯಾಬಿಗೆ ಓಡಿ, ಕೈಯಿಂದ ದುಡ್ಡು ಹಾಕಿ ಹೊಸದಾಗಿ ಟೆಸ್ಟ್ ಮಾಡಿಸಿದರು. ‘ನೆಗೆಟಿವ್’ ಎಂಬ ರಿಪೋರ್ಟ್ ತಂದು ಆಫೀಸಿನಲ್ಲಿ ಕೊಟ್ಟರು.

ಆ ರಿಪೋರ್ಟಿಗೆ ಹೆಚ್ಚು ಬೆಲೆ ಇಲ್ಲ. ಕೊಕೇನ್, ಉತ್ತೇಜಕ ಡ್ರಗ್ ಆಂಫೆಟಮಿನ್, ಅಫೀಮಿನಿಂದ ಬರುವ ಮಾರ್ಫಿನ್‌ನಂಥ ಓಪಿಯೇಟ್‌ಗಳ ಗುರುತು ಮೂತ್ರದಲ್ಲಿ ಸಾಮಾನ್ಯವಾಗಿ ಎರಡು-ಮೂರು ದಿನ ಇದ್ದು ಹೊರಟುಹೋಗುತ್ತದೆ. ‘ಅವತ್ತು ಇತ್ತು, ಇವತ್ತು ಇಲ್ಲ’ ಎಂದು ಯಾರಾದರೂ ಹೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ನಿಮ್ಮನ್ನು ಕಾಪಾಡುವುದು ಮೊದಲ ದಿನ ಕೊಟ್ಟ ಆ ಸ್ಯಾಂಪಲ್ ಮಾತ್ರ. ಅದು ಲ್ಯಾಬಿನಲ್ಲಿ ಇರುವಾಗಲೇ ಅದನ್ನು ಹಿಡಿದುಕೊಳ್ಳಬೇಕು.

1. ಯಾವ ಟೆಸ್ಟ್ ಎಂದು ಮೊದಲು ಕೇಳಿ

ಡ್ರಗ್ ಟೆಸ್ಟ್ ಎಂದರೆ ಎರಡು ಹಂತ. ಮೊದಲನೆಯದು ಸ್ಕ್ರೀನಿಂಗ್. ಇದಕ್ಕೆ ಇಮ್ಯುನೊಅಸ್ಸೇ ಎನ್ನುತ್ತಾರೆ. ಅದರಲ್ಲಿರುವ ಆಂಟಿಬಾಡಿ ಡ್ರಗ್ಗಿನ ಅಣುವಿನ ಆಕಾರ ನೋಡಿ ಅಂಟಿಕೊಳ್ಳುತ್ತದೆ. ಹಿಂದಿನಿಂದ ನೋಡಿ ಪರಿಚಯದವರೇ ಇರಬೇಕು ಎಂದು ಕೂಗುತ್ತೇವಲ್ಲ, ಹಾಗೆ ಇದು ಹೋಲಿಕೆ ಇರುವ ಬೇರೆ ಅಣುವಿಗೂ ಅಂಟಿಬಿಡುತ್ತದೆ. ಸುಳ್ಳು ಪಾಸಿಟಿವ್ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಎರಡನೆಯದು ಕನ್ಫರ್ಮೇಷನ್ ಟೆಸ್ಟ್. ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್/ಎಂಎಸ್ ಎಂಬ ಯಂತ್ರದಲ್ಲಿ ಮಾಡುತ್ತಾರೆ. ಇದು ಅಣುಗಳನ್ನು ಬೇರೆ ಬೇರೆ ಮಾಡಿ, ಒಡೆದು, ತೂಕ ನೋಡಿ ಗುರುತಿಸುತ್ತದೆ. ಖರ್ಚು ಜಾಸ್ತಿ, ಸಮಯವೂ ಬೇಕು. ಅದಕ್ಕೇ ಕೆಲವು ಕಡೆ ಸ್ಕ್ರೀನಿಂಗ್‌ಗೇ ನಿಲ್ಲಿಸಿಬಿಡುತ್ತಾರೆ. ಸ್ಕ್ರೀನಿಂಗ್ ಪಾಸಿಟಿವ್ ಎಂದರೆ ‘ಅನುಮಾನ ಇದೆ, ಇನ್ನೊಮ್ಮೆ ನೋಡಿ’ ಎಂದಷ್ಟೇ ಅರ್ಥ. ಅದರ ಮೇಲೆ ಯಾರ ಕೆಲಸವನ್ನೂ ತೆಗೆಯಬಾರದು.

2. ಮಾತ್ರೆಗಳ ಪಟ್ಟಿ ಬರೆಯಿರಿ

ಟೆಸ್ಟಿಗೆ ಹಿಂದಿನ ಎರಡು ವಾರ ತೆಗೆದುಕೊಂಡ ಎಲ್ಲವನ್ನೂ ಬರೆಯಿರಿ. ಡಾಕ್ಟರ್ ಬರೆದುಕೊಟ್ಟದ್ದು, ಅಂಗಡಿಯಲ್ಲಿ ಸುಮ್ನೆ ಕೇಳಿ ತಂದದ್ದು, ಸಿರಪ್, ಮೂಗಿಗೆ ಹಾಕುವ ಡ್ರಾಪ್ಸ್, ಜಿಮ್ ಪೌಡರ್, ತೂಕ ಇಳಿಸುವ ಮಾತ್ರೆ, ಎಲ್ಲವೂ. ಹೆಸರು, ಡೋಸ್, ಕೊನೆಯ ಸಲ ತೆಗೆದುಕೊಂಡ ದಿನ ಮತ್ತು ಹೊತ್ತು ಇರಲಿ. ಪ್ರಿಸ್ಕ್ರಿಪ್ಷನ್, ಬಿಲ್ಲು, ಮಾತ್ರೆಯ ಸ್ಟ್ರಿಪ್ಪಿನ ಫೋಟೊ ಜೊತೆಗಿರಲಿ. ಬ್ರ್ಯಾಂಡ್ ಹೆಸರು ಸಾಲದು. ಒಳಗಿನ ಔಷಧದ ಹೆಸರು ಬೇಕು, ಲ್ಯಾಬಿನವರಿಗೆ ಅರ್ಥವಾಗುವುದು ಅದೇ.

ಸ್ಕ್ರೀನಿಂಗ್‌ನಲ್ಲಿ ಗೊಂದಲ ಮಾಡುತ್ತವೆ ಎಂದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಔಷಧಗಳು ಹಲವು. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸೂಡೋಎಫೆಡ್ರಿನ್, ಖಿನ್ನತೆಗೆ ಕೊಡುವ ಬ್ಯುಪ್ರೋಪಿಯಾನ್ ಮತ್ತು ಟ್ರಾಜೊಡೋನ್, ಬಿಪಿಗೆ ಕೊಡುವ ಲ್ಯಾಬೆಟಲಾಲ್ ಇವೆಲ್ಲ ಆಂಫೆಟಮಿನ್ ಎಂದು ತೋರಿಸಬಹುದು. ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೋಮೆಥಾರ್ಫಾನ್, ಅಲರ್ಜಿಯ ಡೈಫೆನ್‌ಹೈಡ್ರಮಿನ್, ಖಿನ್ನತೆಯ ವೆನ್ಲಾಫ್ಯಾಕ್ಸಿನ್ ಮತ್ತು ನೋವಿನ ಟ್ರಮಡಾಲ್ ಪಿಸಿಪಿ ಎಂಬ ಭ್ರಮೆ ಹುಟ್ಟಿಸುವ ಡ್ರಗ್ ಎಂದು ತೋರಿಸಿವೆ. ಲೆವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್‌ಗಳು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಓಪಿಯೇಟ್ ಎಂದು ತೋರಿಸಬಹುದು. ಖಿನ್ನತೆಯ ಸರ್ಟ್ರಾಲಿನ್ ಬೆಂಜೊಡಯಾಜೆಪಿನ್ (ನಿದ್ದೆ, ಆತಂಕದ ಮಾತ್ರೆಗಳ ಗುಂಪು) ಆಗಿ, ಮನೋರೋಗದ ಕ್ವೆಟಿಯಾಪಿನ್ ಮೆಥಡೋನ್ (ಮಾರ್ಫಿನ್‌ನಂಥ ಔಷಧ) ಆಗಿ, ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಗಾಂಜಾ ಆಗಿ ಕಂಡದ್ದೂ ಇದೆ. ಎಲ್ಲ ಕಿಟ್‌ಗಳಲ್ಲೂ ಹೀಗಾಗುವುದಿಲ್ಲ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಈ ಪಟ್ಟಿ ನೋಡಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಬಿಪಿ, ಖಿನ್ನತೆ, ಕ್ಷಯದ ಔಷಧ ನಿಲ್ಲಿಸುವುದು ಟೆಸ್ಟಿಗಿಂತ ದೊಡ್ಡ ಅಪಾಯ. ಬದಲಿ ಬೇಕಿದ್ದರೆ ಡಾಕ್ಟರನ್ನೇ ಕೇಳಿ. ನೆಗಡಿ ಮಾತ್ರೆಯನ್ನು ಬೇಕಾದರೆ ಬಿಡಬಹುದು, ಬಿಟ್ಟರೆ ಒಳ್ಳೆಯದೇ.

ಇನ್ನೊಂದು ಮಾತು. ನೀವು ಬರೆದ ಪಟ್ಟಿಯನ್ನು ಮ್ಯಾನೇಜರ್ ಕೈಗೆ ಕೊಡಬೇಡಿ. ನಿಮಗೆ ಏನು ಕಾಯಿಲೆ ಇದೆ ಎಂಬುದನ್ನು ಅದು ಹೇಳಿಬಿಡುತ್ತದೆ. ಅದು ಫಲಿತಾಂಶ ಪರಿಶೀಲಿಸುವ ಡಾಕ್ಟರಿಗೆ ಮಾತ್ರ ಹೋಗಲಿ.

3. ಬಾಯಿಗೆ ಹೋಗುವುದರ ಮೇಲೆ ಕಣ್ಣಿಡಿ

ಗಸಗಸೆಯ ವಿಷಯ ಕಟ್ಟುಕಥೆಯಲ್ಲ. ಓಪಿಯಂ ಗಿಡದ ಹಾಲು ಬೀಜದ ಮೈಗೆ ತಾಗಿರುತ್ತದೆ. ಹಾಗಾಗಿ ಗಸಗಸೆಯಲ್ಲಿ ನಿಜವಾದ ಮಾರ್ಫಿನ್, ಕೊಡಿನ್ ಇರುತ್ತದೆ. ಎಷ್ಟಿದೆ ಎನ್ನುವುದು ಒಂದೊಂದು ಸರಕಿಗೂ ಬೇರೆ. ಅಮೆರಿಕದ ಕೇಂದ್ರ ಸರ್ಕಾರ ತನ್ನ ನೌಕರರ ಟೆಸ್ಟಿನಲ್ಲಿ ಓಪಿಯೇಟ್ ಮಿತಿಯನ್ನು (ಇಷ್ಟಿದ್ದರೆ ಪಾಸಿಟಿವ್ ಎನ್ನುವ ಪ್ರಮಾಣ, ಅಂದರೆ ಕಟ್-ಆಫ್) ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿದ್ದು 1998ರಲ್ಲಿ, ಮುಖ್ಯವಾಗಿ ಇದೇ ಕಾರಣಕ್ಕೆ. ಆದರೂ 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದು ಸೂಚಿಸಬೇಕಾಯಿತು. ಹಳೆಯ 300ರ ಮಿತಿಯ ಕಿಟ್‌ಗಳು ಈಗಲೂ ಮಾರಾಟದಲ್ಲಿವೆ. ಟೆಸ್ಟ್ ಇದೆ ಎಂದು ಗೊತ್ತಿದ್ದರೆ ಮೂರು ದಿನ ಮೊದಲಿಂದ ಗಸಗಸೆ ಬೇಡವೇ ಬೇಡ. ಇಲ್ಲಿ ಕನ್ಫರ್ಮೇಷನ್ ಟೆಸ್ಟ್ ಕೂಡ ನಿಮ್ಮನ್ನು ಉಳಿಸುವುದಿಲ್ಲ. ಯಾಕೆಂದರೆ ಮಾರ್ಫಿನ್ ನಿಜವಾಗಿಯೂ ಇರುತ್ತದೆ.

ಗಾಂಜಾ ಗಿಡದಿಂದ ತೆಗೆಯುವ ಸಿಬಿಡಿ ಎಣ್ಣೆಯೂ ಅಷ್ಟೇ. ಲೇಬಲ್ ಏನೇ ಹೇಳಲಿ, ಅದರಲ್ಲಿ ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಸೇರಿರಬಹುದು. ಮದ್ಯದ ಗುರುತು ಹುಡುಕುವ ಇಟಿಜಿ ಟೆಸ್ಟ್ ಇದ್ದರೆ ಆಲ್ಕೊಹಾಲ್ ಇರುವ ಮೌತ್‌ವಾಶ್ ಮತ್ತು ಸ್ಯಾನಿಟೈಸರ್ ದೂರ ಇಡಿ. ಹಲ್ಲಿನ ಡಾಕ್ಟರ್ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ನಿಂದ ಕೊಕೇನ್ ಪಾಸಿಟಿವ್ ಬಂತು ಎಂದು ವಾದಿಸುವವರಿದ್ದಾರೆ. ಆ ಇಂಜೆಕ್ಷನ್ನಿನಲ್ಲಿರುವ ಲಿಡೊಕೇನ್ ಹಾಗೆ ತೋರಿಸುವುದಿಲ್ಲ. ಆ ವಾದ ಎತ್ತಿದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

4. ‘ಡಿಟಾಕ್ಸ್’ ಡ್ರಿಂಕ್ ಮುಟ್ಟಬೇಡಿ

ಇವು ಶುದ್ಧ ಮೋಸ. ಮೈ ಶುದ್ಧ ಮಾಡುತ್ತೇವೆ ಎಂದು ಹೇಳಿ, ಬರೀ ನೀರು ಕುಡಿಸಿ ಮೂತ್ರ ತೆಳ್ಳಗೆ ಮಾಡುತ್ತವೆ. ಲ್ಯಾಬಿನವರು ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಎಷ್ಟಿದೆ ಎಂದು ನೋಡುತ್ತಾರೆ. ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದು, ಮೂತ್ರದ ಸಾಂದ್ರತೆಯೂ ಕಡಿಮೆ ಇದ್ದರೆ ‘ಡೈಲ್ಯೂಟ್’ ಎಂದು ಬರೆಯುತ್ತಾರೆ. ಏನೂ ತಪ್ಪು ಮಾಡದವರ ಮೇಲೂ ಆಗ ಅನುಮಾನ ಬರುತ್ತದೆ. ಭಯಕ್ಕೆ ಬಾಟಲಿಗಟ್ಟಲೆ ನೀರು ಕುಡಿದರೂ ಇದೇ ಗತಿ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಸಾಕು.

5. ಸ್ಯಾಂಪಲ್ ಕೊಡುವಾಗ

ಆತುರ ಮಾಡಬೇಡಿ. ಮೂತ್ರ ಹಿಡಿಯುವ ಕಪ್‌ನ ಪ್ಯಾಕೆಟ್ ನಿಮ್ಮ ಎದುರೇ ಒಡೆಯಲಿ. ತುಂಬಿದ ಕಪ್ ಕೈಗೆ ಬಂದ ಕೂಡಲೇ ಸಿಬ್ಬಂದಿ ಮೂತ್ರದ ಬಿಸಿ ನೋಡಬೇಕು. ನಾಲ್ಕು ನಿಮಿಷದೊಳಗೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು ಎನ್ನುವುದು ಒಪ್ಪಿತ ಅಳತೆ. ಸ್ಯಾಂಪಲನ್ನು ಎರಡು ಬಾಟಲಿಗೆ ಹಂಚಿ ಎಂದು ಕೇಳಿ. ಒಂದು ಟೆಸ್ಟಿಗೆ, ಇನ್ನೊಂದು ತಕರಾರು ಬಂದರೆ ತೆರೆಯಲು. ಸೀಲ್ ಮುಚ್ಚಳದ ಮೇಲಿಂದ ಬಾಟಲಿಯ ಮೈವರೆಗೂ ಇಳಿದಿರಬೇಕು. ಅದರ ಮೇಲೆ ನೀವೇ ಸಹಿ ಮಾಡಿ. ಬಾಟಲಿಯ ನಂಬರು, ಫಾರಂನ ನಂಬರು ಒಂದೇನಾ ಎಂದು ಅಂಕಿ ಅಂಕಿ ಓದಿ ನೋಡಿ. ಸೀಲ್ ಆಗುವವರೆಗೆ ಬಾಟಲಿ ನಿಮ್ಮ ಕಣ್ಣೆದುರೇ ಇರಲಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಒಂದು ಪ್ರತಿ ಕೇಳಿ ಪಡೆಯಿರಿ.

ಸ್ಥಳದಲ್ಲೇ ಸ್ಟ್ರಿಪ್ ನೋಡಿ ಫಲಿತಾಂಶ ಹೇಳುವ ಕಡೆ ಇನ್ನೂ ಹುಷಾರು. ಪ್ರೆಗ್ನೆನ್ಸಿ ಕಿಟ್ ನೋಡಿ ಅಭ್ಯಾಸ ಆದವರು ಇದನ್ನು ತಿರುಗಾಮುರುಗಾ ಓದುತ್ತಾರೆ. ಡ್ರಗ್ ಸ್ಟ್ರಿಪ್ಪಿನಲ್ಲಿ ಗೆರೆ ಬಂದರೆ ನೆಗೆಟಿವ್, ಗೆರೆ ಬಾರದಿದ್ದರೆ ಪಾಸಿಟಿವ್. ಗೆರೆ ಎಷ್ಟೇ ಮಸುಕಾಗಿರಲಿ, ಕಂಡರೆ ನೆಗೆಟಿವ್. ‘ಗೆರೆ ಮಂಕಾಗಿದೆ, ಸ್ವಲ್ಪ ತೆಗೆದುಕೊಂಡಿರಬೇಕು’ ಎನ್ನುವುದು ತಪ್ಪು ಓದು. ‘ಸಿ’ ಎಂಬಲ್ಲಿನ ಕಂಟ್ರೋಲ್ ಗೆರೆ ಬಾರದಿದ್ದರೆ ಆ ಸ್ಟ್ರಿಪ್ ಲೆಕ್ಕಕ್ಕೇ ಇಲ್ಲ. ಪ್ಯಾಕೆಟ್ ಮೇಲೆ ಬರೆದ ನಿಮಿಷದಲ್ಲೇ ಓದಬೇಕು. ಮೇಜಿನ ಮೇಲೆ ಬಿಟ್ಟು ಅರ್ಧ ಗಂಟೆ ಕಳೆದು ಬಂದು ನೋಡಿದ್ದಕ್ಕೆ ಅರ್ಥವಿಲ್ಲ. ಸಾಧ್ಯವಾದರೆ ಸ್ಟ್ರಿಪ್ಪಿನ ಫೋಟೊ ತೆಗೆಯಿರಿ. ಎಕ್ಸ್‌ಪೈರಿ ತಾರೀಖು ಫೋಟೊದಲ್ಲಿ ಕಾಣಲಿ.

6. ಪಾಸಿಟಿವ್ ಬಂದರೆ: ಅದೇ ದಿನ ಮಾಡಬೇಕಾದ್ದು

ಜನ ಹೆಚ್ಚು ಎಡವುವುದು ಇಲ್ಲಿ. ಮೊದಲು ಎಚ್‌ಆರ್ ಹತ್ತಿರ ಕೂಗಾಡಬೇಡಿ. ಅಳುತ್ತಾ ‘ಏನೋ ಕೆಮ್ಮಿನ ಔಷಧಿ ಇರಬಹುದು’ ಎಂದು ಅಂದಾಜಿನ ಮಾತೂ ಆಡಬೇಡಿ. ಆಡಿದ ಮಾತು ದಾಖಲಾಗುತ್ತದೆ, ಆಮೇಲೆ ಬದಲಿಸಿದರೆ ಸುಳ್ಳುಗಾರರಾಗುತ್ತೀರಿ. ರಾಜೀನಾಮೆ ಕೊಟ್ಟರೆ ಎಲ್ಲ ಮುಚ್ಚಿಹೋಗುತ್ತದೆ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಕೇಳಬೇಡಿ. ‘ಫಲಿತಾಂಶ ಒಪ್ಪುತ್ತೇನೆ’ ಎಂಬ ಕಾಗದಕ್ಕೆ ಸಹಿ ಬೇಡ. ಕಾಗದ ತಲುಪಿದೆ ಎಂದಷ್ಟೇ ಬರೆದು, ತಾರೀಖು ಹಾಕಿ ಸಹಿ ಮಾಡಿ.

ಅದೇ ದಿನ ಇಮೇಲ್ ಕಳಿಸಿ. ಒಂದು ಪ್ರತಿ ಟೆಸ್ಟ್ ಮಾಡಿಸಿದವರಿಗೆ, ಒಂದು ಲ್ಯಾಬಿಗೆ. ಉದ್ದ ಬೇಡ, ಇಷ್ಟು ಸಾಕು:

‘ಇಂಥ ದಿನ ನಾನು ಕೊಟ್ಟ, ಇಂಥ ನಂಬರಿನ ಸ್ಯಾಂಪಲ್ಲಿನ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ. ಉಳಿದ ಸ್ಯಾಂಪಲನ್ನು ಎಸೆಯದೆ ಫ್ರೀಜರಿನಲ್ಲಿ ಇಡಿ. ಅದೇ ಸ್ಯಾಂಪಲ್ಲಿಗೆ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್/ಎಂಎಸ್ ವಿಧಾನದಲ್ಲಿ ಕನ್ಫರ್ಮೇಷನ್ ಟೆಸ್ಟ್ ಮಾಡಿಸಿ. ಅದರ ವರದಿ ಬರುವವರೆಗೆ ನನ್ನ ಮೇಲೆ ಕ್ರಮ ಬೇಡ ಎಂದು ಕೋರುತ್ತೇನೆ. ನನ್ನ ಔಷಧಗಳ ವಿವರವನ್ನು ಪರಿಶೀಲಿಸುವ ಡಾಕ್ಟರಿಗೆ ನೇರವಾಗಿ ಕೊಡುತ್ತೇನೆ.’

ಎರಡನೇ ವಾಕ್ಯ ಬಿಡಲೇಬೇಡಿ. ಸ್ಯಾಂಪಲ್ ಎಸೆದುಬಿಟ್ಟರೆ ಉಳಿದ ವಾದವೆಲ್ಲ ಬರೀ ಮಾತು. ಅಮೆರಿಕದ ಕೇಂದ್ರ ನಿಯಮದ ಲ್ಯಾಬುಗಳು ಪಾಸಿಟಿವ್ ಎಂದು ಖಚಿತವಾದ ಸ್ಯಾಂಪಲನ್ನು ಕನಿಷ್ಠ ಒಂದು ವರ್ಷ ಫ್ರೀಜ್ ಮಾಡಿ ಇಡಬೇಕು. ಅಂಥ ನಿಯಮ ಇಲ್ಲದ ಲ್ಯಾಬು ಬೇಗ ಎಸೆಯಬಹುದು. ಎರಡನೇ ಬಾಟಲಿ ತೆರೆಸಲು ಗಡುವೂ ಇರುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ನಿಯಮದಲ್ಲಿ ಅದು 72 ಗಂಟೆ. ನಿಮ್ಮ ಸಂಸ್ಥೆಯ ಗಡುವು ಎಷ್ಟು ಎಂದು ಅದೇ ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ, ಬರಹದಲ್ಲೇ ಉತ್ತರ ಬರಲಿ.

ಜೊತೆಗೆ ನಾಲ್ಕು ವಿವರ ಬೇಕು ಎಂದು ಕೇಳಿ: ಯಾವ ವಿಧಾನದಲ್ಲಿ ಟೆಸ್ಟ್ ಮಾಡಿದರು, ಕಟ್-ಆಫ್ ಎಷ್ಟು, ಸಿಕ್ಕಿದ ಪ್ರಮಾಣ ಎಷ್ಟು, ಮತ್ತು ಸಿಕ್ಕಿದ್ದು ಯಾವ ಅಣು. ‘ಆಂಫೆಟಮಿನ್ ಗುಂಪು’ ಎಂದರೆ ಉತ್ತರ ಅಲ್ಲ. ಹೆಸರು ಹೇಳಲಿ. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬ ದಾಖಲೆಯ ಪ್ರತಿಯೂ ಬೇಕು. ಅದರಲ್ಲಿ ಸಹಿ ಇಲ್ಲದ ಜಾಗ, ಹೊಂದದ ನಂಬರು ಇದ್ದರೆ ಗುರುತು ಹಾಕಿಡಿ.

ಎರಡನೇ ಬಾಟಲಿ ಬೇರೆ ಲ್ಯಾಬಿಗೇ ಹೋಗಲಿ. ಮೊದಲ ಲ್ಯಾಬೇ ಮತ್ತೆ ಸ್ಕ್ರೀನಿಂಗ್ ಕಿಟ್ ಹಾಕಿ ‘ಇನ್ನೊಮ್ಮೆ ನೋಡಿದೆವು, ಪಾಸಿಟಿವ್’ ಎಂದರೆ ಒಪ್ಪಬೇಡಿ. ಅದೇ ಕಿಟ್ ಅದೇ ತಪ್ಪನ್ನೇ ಮಾಡುತ್ತದೆ. ಎರಡನೇ ಲ್ಯಾಬಿನಲ್ಲಿ ಪ್ರಮಾಣ ಸ್ವಲ್ಪ ಕಡಿಮೆ ಬಂದರೆ ಗೆದ್ದೆವು ಎಂದುಕೊಳ್ಳುವವರೂ ಇದ್ದಾರೆ. ಕೆಲವು ಡ್ರಗ್ ಇಟ್ಟಲ್ಲೇ ಕರಗುತ್ತವೆ. ಅದಕ್ಕೇ ಅಮೆರಿಕದ ನಿಯಮದಲ್ಲಿ ಎರಡನೇ ಬಾಟಲಿಗೆ ಕಟ್-ಆಫ್ ಲೆಕ್ಕವಿಲ್ಲ. ಆ ಅಣು ಇದೆಯೇ ಇಲ್ಲವೇ ಎಂದಷ್ಟೇ ನೋಡುತ್ತಾರೆ.

7. ಕನ್ಫರ್ಮೇಷನ್‌ನಲ್ಲೂ ಪಾಸಿಟಿವ್ ಬಂದರೆ

ಆಗ ‘ಯಂತ್ರ ತಪ್ಪು’ ಎಂಬ ವಾದ ಬಿಡಿ. ‘ಅಣು ಇದೆ, ಆದರೆ ಅದು ಬಂದದ್ದು ಇಲ್ಲಿಂದ’ ಎಂದು ತೋರಿಸಬೇಕು. ಡಾಕ್ಟರ್ ಬರೆದ ಕೊಡಿನ್ ಸಿರಪ್ ಇದ್ದರೆ ಪ್ರಿಸ್ಕ್ರಿಪ್ಷನ್ನೇ ಉತ್ತರ. ಕೊಡಿನ್ ದೇಹದಲ್ಲಿ ಮಾರ್ಫಿನ್ ಆಗುತ್ತದೆ, ಹಾಗಾಗಿ ಎರಡೂ ಕಾಣುವುದು ಸಹಜ. ಗಸಗಸೆಯ ಅನುಮಾನ ಇದ್ದರೆ 6-ಅಸಿಟೈಲ್‌ಮಾರ್ಫಿನ್ ನೋಡಿದ್ದಾರಾ ಎಂದು ಕೇಳಿ. ಅದು ಹೆರಾಯಿನ್ನಿಂದ ಬರುತ್ತದೆ, ಗಸಗಸೆಯಿಂದ ಬರುವುದಿಲ್ಲ. ಆದರೆ ಅದು ಬೇಗ ಮಾಯವಾಗುತ್ತದೆ, ಹಾಗಾಗಿ ಇಲ್ಲ ಎಂಬ ಒಂದೇ ಮಾತಿನ ಮೇಲೆ ನಿಲ್ಲಬೇಡಿ. ಪ್ರಮಾಣ ಎಷ್ಟಿದೆ ಎಂಬುದನ್ನೂ ಮುಂದಿಡಿ.

ಪಾರ್ಕಿನ್ಸನ್ ಕಾಯಿಲೆಗೆ ಸೆಲೆಜಿಲಿನ್ ತೆಗೆದುಕೊಳ್ಳುವವರಲ್ಲಿ ಮೆಥಾಂಫೆಟಮಿನ್ ನಿಜವಾಗಿಯೂ ಸಿಗುತ್ತದೆ. ಮೆಥಾಂಫೆಟಮಿನ್‌ಗೆ ಬಲಗೈ-ಎಡಗೈ ಇದ್ದಂತೆ ಡಿ ಮತ್ತು ಎಲ್ ಎಂಬ ಎರಡು ರೂಪ. ಸೆಲೆಜಿಲಿನ್‌ನಿಂದ ಬರುವುದು ಎಲ್ ರೂಪ, ಬೀದಿಯಲ್ಲಿ ಮಾರುವುದರಲ್ಲಿ ಹೆಚ್ಚಾಗಿ ಡಿ ಇರುತ್ತದೆ. ಸಾಮಾನ್ಯ ಕನ್ಫರ್ಮೇಷನ್ ಟೆಸ್ಟ್ ಇವೆರಡನ್ನು ಬೇರೆ ಮಾಡದಿರಬಹುದು. ‘ಕೈರಲ್ ಟೆಸ್ಟ್ ಬೇಕು’ ಎಂದು ಹೆಸರು ಹಿಡಿದು ಕೇಳಬೇಕು.

8. ಗೆದ್ದ ಮೇಲೂ ಒಂದು ಕೆಲಸ

ಬಾಯಿಮಾತಿನಲ್ಲಿ ‘ಸರಿಹೋಯಿತು ಬಿಡಿ’ ಎಂದರೆ ಸುಮ್ಮನಾಗಬೇಡಿ. ಫಲಿತಾಂಶ ನೆಗೆಟಿವ್ ಎಂದು ತಿದ್ದಿದ ವರದಿ ಬರಹದಲ್ಲಿ ಬೇಕು. ಹಳೆಯ ಪಾಸಿಟಿವ್ ವರದಿ ಯಾರ್‍ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ಈ ತಿದ್ದುಪಡಿ ಕಳಿಸಿದ್ದೇವೆ ಎಂಬ ಇಮೇಲ್ ಕೇಳಿ. ಅದನ್ನು ಆಫೀಸಿನ ಇಮೇಲ್‌ನಲ್ಲಿ ಮಾತ್ರ ಇಡಬೇಡಿ, ನಿಮ್ಮ ಸ್ವಂತ ಇಮೇಲ್‌ಗೂ ಒಂದು ಪ್ರತಿ ತರಿಸಿಕೊಳ್ಳಿ.