ಗೋಲ್ ಅಂದುಬಿಟ್ಟೆ

ನನಗೆ ಮೈಕ್ ರೂಢಿಯಾದದ್ದು ದೇಣಿಗೆ ಓದಿ. ನಮ್ಮ ಓಣಿಯ ಗಣಪತಿಗೆ ಯಾರು ಐನೂರು ಕೊಟ್ಟರು, ಯಾರು ಒಂದು ಚೀಲ ಅಕ್ಕಿ ಕೊಟ್ಟರು ಅಂತ ಕೂಗುವ ಕೆಲಸ. ಆಮೇಲೆ ಕಬಡ್ಡಿಗೆ ಕರೆದರು. ಕಬಡ್ಡಿ ಸಲೀಸು. ಒಂದು ರೈಡ್ 30 ಸೆಕೆಂಡು, ಅದು ಮುಗಿದ ಮೇಲೆ ಉಸಿರಾಡಲು ಸಮಯ ಸಿಗುತ್ತದೆ. ಅಂಕ ಹೇಳಬಹುದು. ನಡುವೆ ‘ಕೆಎ 32 ನಂಬರಿನ ಬೈಕ್ ದಾರಿಗೆ ಅಡ್ಡ ನಿಂತಿದೆ’ ಅಂತಲೂ ಹೇಳಬಹುದು. ಕಲಬುರಗಿಯಲ್ಲಿ ಎಲ್ಲಾ ಬೈಕೂ ಕೆಎ 32 ಅನ್ನೋದು ಬೇರೆ ಮಾತು.

ನನ್ನದು ಸೂಪರ್ ಮಾರ್ಕೆಟ್ ಹತ್ತಿರ ಝೆರಾಕ್ಸ್ ಅಂಗಡಿ. ಕೆಲವು ವರ್ಷದ ಹಿಂದೆ ಫುಟ್‌ಬಾಲ್ ಹುಡುಗರು ಟೀಮ್ ಪಟ್ಟಿ ಟೈಪ್ ಮಾಡಿಸಲು ಬಂದರು. ಹೋಗುವಾಗ ಒಬ್ಬ ಅಂದ: “ಕಾಕಾ, ಮೈಕ್ ನೀವೇ ಹಿಡೀರಿ. ರೊಕ್ಕ ಇಲ್ರಿ, ಚಾ ಅದ.” ನಾನು ಒಪ್ಪಿದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾಗಿ ಮೊದಲ ಸಲಕ್ಕೇ ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ಗೆದ್ದಾಗಿನಿಂದ ನಾನು ಫುಟ್‌ಬಾಲ್ ನೋಡುವವನು. ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಬೇಕೆಂದರೆ ಇಲ್ಲಿಂದ ಒಂದು ರಾತ್ರಿಯ ರೈಲು. ಎರಡು ಸಲ ಹೋಗಿದ್ದೇನೆ. ಉಳಿದದ್ದೆಲ್ಲ ಟಿವಿಯಲ್ಲಿ, ಮೊಬೈಲಲ್ಲಿ. ಇಷ್ಟು ನೋಡಿದವನಿಗೆ ಕಾಮೆಂಟರಿ ಏನು ದೊಡ್ಡದು ಅಂದುಕೊಂಡೆ.

ಮೊದಲ ದಿನವೇ ಸೋತೆ. ಟೇಬಲ್ ಹಾಕಿದ್ದು ಮೈದಾನದ ಪೂರ್ವಕ್ಕೆ. ಸಂಜೆ ಬಿಸಿಲು ಸೀದಾ ಕಣ್ಣಿಗೆ. ಆಚೆ ಕಡೆ ಓಡುವವರೆಲ್ಲ ಕರಿ ನೆರಳು, ನಂಬರ್ ಕಾಣುವುದೇ ಇಲ್ಲ. ಎರಡನೇ ದಿನ ಟೇಬಲ್ಲು, ಆಂಪ್ಲಿಫೈಯರು ಎಲ್ಲಾ ಎತ್ತಿ ಪಶ್ಚಿಮಕ್ಕೆ, ನಡುಗೆರೆಯ ಎದುರಿಗೆ ಇಟ್ಟೆವು. ಮೈಕ್ ಹಿಡಿಯುವ ಯಾರಿಗಾದರೂ ಮೊದಲು ಹೇಳುವುದು ಇದನ್ನೇ: ಸೂರ್ಯ ಬೆನ್ನಿಗಿರಲಿ.

ಆಮೇಲೆ ನಂಬರಿನ ಗೋಳು. ನಮ್ಮ ಹುಡುಗರು ಜರ್ಸಿ ತಾವೇ ಕೊಳ್ಳುತ್ತಾರೆ. ಎಲ್ಲರಿಗೂ ಮೆಸ್ಸಿಯ 10 ಬೇಕು. ಒಂದೇ ಟೀಮಿನಲ್ಲಿ ಮೂರು ಹತ್ತು! ಎತ್ತರದ ಹತ್ತು, ಕುಳ್ಳ ಹತ್ತು, ಗಡ್ಡದ ಹತ್ತು ಅಂತ ಕೂಗಿದೆ. ಜನ ನಕ್ಕರು. ಗಡ್ಡದ ಹತ್ತು ಮುಂದಿನ ವಾರ ಗಡ್ಡ ಬೋಳಿಸಿಕೊಂಡು ಬಂದ. ಕೊನೆಗೆ ಎಲೆಕ್ಟ್ರಿಕ್ ಕೆಲಸದ ಕರಿ ಟೇಪ್ ತಂದು ಸೊನ್ನೆಯ ನಡುವೆ ಅಡ್ಡ ಪಟ್ಟಿ ಹಚ್ಚಿದೆವು. 10 ಹೋಗಿ 18 ಆಯಿತು. ಬೆವರಿಗೆ ಟೇಪ್ ಕಿತ್ತು ಬಂದರೆ ಸೆಕೆಂಡ್ ಹಾಫಿನಲ್ಲಿ ಮತ್ತೆ 10.

ಮಾತಿನ ಕಥೆ ಇನ್ನೊಂದು. ಕನ್ನಡದಲ್ಲೇ ಹೇಳಬೇಕು ಅಂತ ನನಗೆ ಹಟ. ‘ಕಾಲ್ಚೆಂಡು’, ‘ದಂಡನೆಯ ಒದೆತ’, ‘ಮೂಲೆ ಒದೆತ’ ಅಂತೆಲ್ಲ ಬರೆದುಕೊಂಡು ಹೋಗಿದ್ದೆ. ಮೂಲೆ ಒದೆತ ಅಂದಾಗ ಹಿಂದೆ ಕೂತ ಹುಡುಗ ಪಕ್ಕದವನನ್ನು ಕೇಳಿದ, “ಯಾರಿಗಿ ಒದ್ರಲೇ?” ಅಲ್ಲಿಗೆ ಆ ಚೀಟಿ ಹರಿದು ಹಾಕಿದೆ. ಕಾರ್ನರ್ ಕಾರ್ನರೇ, ಥ್ರೋ ಥ್ರೋನೇ. ಆದರೆ ಒಂದು ತಿಳಿಯಿತು. ಹೆಸರುಗಳು ಇಂಗ್ಲಿಷಿನವೇ ಇರಲಿ, ಕ್ರಿಯಾಪದ ಕನ್ನಡದ್ದಿರಬೇಕು. ಟಿವಿಯವರಂತೆ ‘ಪಾಸ್ ಮಾಡಿದರು, ಶೂಟ್ ಮಾಡಿದರು, ಸೇವ್ ಮಾಡಿದರು’ ಅಂತ ಎಲ್ಲದಕ್ಕೂ ‘ಮಾಡಿದರು’ ಹಚ್ಚಿದರೆ ಆಟ ಸಪ್ಪೆ. ಚೆಂಡು ಉರುಳಿಸಿದ, ದಾಟಿಸಿದ, ಜಾರಿಸಿದ, ಇಬ್ಬರ ನಡುವೆ ತೂರಿಸಿದ, ಎದೆಗೆ ತಗೊಂಡು ಇಳಿಸಿದ, ಗುಮ್ಮಿದ. ಈ ಒಂದೊಂದು ಮಾತಿಗೂ ಕಾಲು ಬೇರೆ ಬೇರೆ ಥರ ಆಡುತ್ತದೆ. ಆಟದ ಬಿಸಿಯಲ್ಲಿ ನಡುವೆ ಒಂದು ‘ವಾಹ್ ಭಾಯ್’ ಬಂದರೆ ಬರಲಿ. ನಮ್ಮ ಮೈದಾನದಲ್ಲಿ ಅರ್ಧ ಜನ ಬೈಯುವುದು ಕನ್ನಡದಲ್ಲಿ, ಅರ್ಧ ಜನ ದಖನಿಯಲ್ಲಿ.

ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ. ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ, ಪೇಪರ್ ಹಾಸಿಕೊಂಡು, ಪ್ರತಿ ಭಾನುವಾರ ಅದೇ ಜಾಗ. ಅವರ ತಲೆಯಲ್ಲಿ ಇನ್ನೂ ಹೈದರಾಬಾದೇ ರಾಜಧಾನಿ. ಹೈದರಾಬಾದ್ ಸಿಟಿ ಪೊಲೀಸ್ ಟೀಮ್ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಗೆದ್ದದ್ದನ್ನು ನಿನ್ನೆ ನಡೆದಂತೆ ಹೇಳುತ್ತಾರೆ. ಆ ಟೀಮಿನ ಕೋಚ್ ಸೈಯದ್ ಅಬ್ದುಲ್ ರಹೀಂ ಅವರೇ 1962ರಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟವರು. ಇಷ್ಟು ಹೇಳಿ ಮುಗಿಸಿ ನನ್ನ ಕಡೆ ತಿರುಗಿ, “ತಮ್ಮಾ, ಚೆಂಡು ಎಲ್ಲದಂತ ನಮಗೂ ಕಾಣ್ತದ. ಕಾಣಲಾರದ್ದು ಹೇಳು” ಅಂದರು ಒಮ್ಮೆ. ಆಗ ನನಗೆ ಸಿಟ್ಟು ಬಂದಿತ್ತು.

ಕಾಣಲಾರದ್ದು ಅಂದರೆ ಏನು ಅಂತ ತಿಳಿಯಲು ನಾನು ಒಂದು ದೊಡ್ಡ ಯಡವಟ್ಟು ಮಾಡಬೇಕಾಯಿತು.

ಅದಕ್ಕೂ ಮೊದಲು 2023ರ ಮಾರ್ಚ್ 3ರ ರಾತ್ರಿ. ಐ-ಲೀಗಿಗೂ ಮೇಲಿನ ಲೀಗಾದ ಐಎಸ್ಎಲ್‌ನ ಪ್ಲೇ ಆಫ್, ಬೆಂಗಳೂರು-ಕೇರಳ ಬ್ಲಾಸ್ಟರ್ಸ್, ಕಂಠೀರವದಲ್ಲಿ. ತೊಂಬತ್ತು ನಿಮಿಷದಲ್ಲಿ ಗೋಲಿಲ್ಲ. ಎಕ್ಸ್‌ಟ್ರಾ ಟೈಮಿನಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಚೆಂಡಿಗೆ ಅಡ್ಡ ಸಾಲು ನಿಂತು ಗೋಡೆ ಕಟ್ಟುತ್ತಿದ್ದರು, ಬೆಂಗಳೂರಿನ ಸುನಿಲ್ ಛೆಟ್ರಿ ಸುಮ್ನೆ ಎತ್ತಿ ಒಳಗೆ ಹಾಕಿಬಿಟ್ಟ. ರೆಫ್ರಿ ಗೋಲ್ ಕೊಟ್ಟರು. ಕೇರಳದ ಕೋಚ್ ಇಡೀ ಟೀಮನ್ನು ಕರೆದುಕೊಂಡು ಹೊರಗೆ ನಡೆದರು. ಅಂಗಡಿಯ ಶಟರ್ ಅರ್ಧ ಎಳೆದು ಆರು ಜನ ಒಂದು ಮೊಬೈಲಿಗೆ ಮುಖ ತೂರಿಸಿ ನೋಡುತ್ತಿದ್ದೆವು. ನಮ್ಮ ಟೀಮೇ ಗೆದ್ದಿದ್ದರೂ ನಮ್ಮಲ್ಲೇ ಎರಡು ಪಕ್ಷ. ವಿಸಿಲ್ ಊದದೆ ಹೇಗೆ ಹೊಡೆದ ಅಂತ ಒಬ್ಬ. ವಿಸಿಲ್ ಯಾಕೆ ಬೇಕು ಅಂತ ಇನ್ನೊಬ್ಬ. ನಿಯಮ ಎರಡನೆಯವನ ಕಡೆಗೇ ಇದೆ. ಫ್ರೀ ಕಿಕ್ ಸಿಕ್ಕವರು ಎದುರಾಳಿಗಳನ್ನು ದೂರ ಸರಿಸಿ ಅಂತ ಕೇಳದಿದ್ದರೆ, ರೆಫ್ರಿ ತಡೆಯದಿದ್ದರೆ, ವಿಸಿಲ್‌ಗೆ ಕಾಯದೆ ಹೊಡೆಯಬಹುದು. ಅಲ್ಲಿ ರೆಫ್ರಿ ತಡೆದಿದ್ದರೋ ಇಲ್ಲವೋ ಅನ್ನುವುದೇ ಜಗಳ. ಆ ದಿನ ನಾವು ಯಾರೂ ನಿಯಮ ತೆಗೆದು ನೋಡಲಿಲ್ಲ. ಗಂಟಲು ಯಾರದು ದೊಡ್ಡದೋ ಅವರು ಗೆದ್ದರು. ನನ್ನದೇ ದೊಡ್ಡದಿತ್ತು.

ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ಟೀಮುಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಹಿಂದೆ ಗೆದ್ದಾಗ ರಾಜ್ಯದ ಹೆಸರು ಮೈಸೂರು. ಅಂಗಡಿಗೆ ಬಂದವರೆಲ್ಲ ಕೇಳಿದ್ದು ಮಾತ್ರ ಹಿಂದಿನ ರಾತ್ರಿಯ ಫ್ರೀ ಕಿಕ್ ಬಗ್ಗೆ. ಗೆದ್ದ ಕಪ್ಪಿಗಿಂತ ರೆಫ್ರಿಯ ತಪ್ಪು ನಮಗೆ ರುಚಿ ಜಾಸ್ತಿ, ಅಲ್ವಾ?

ಈಗ ನನ್ನ ಯಡವಟ್ಟಿಗೆ ಬರುತ್ತೇನೆ. ಮುಂದಿನ ಫೆಬ್ರವರಿ. ಶರಣಬಸವೇಶ್ವರ ಜಾತ್ರೆಗೆ ಮೊದಲು ಟೂರ್ನಮೆಂಟ್ ಮುಗಿಸುವುದು ನಮ್ಮ ಪದ್ಧತಿ. ಆರು ಟೀಮಿನ ಮೇಲಿನ ಗುಂಪು, ಆರು ಟೀಮಿನ ಕೆಳಗಿನ ಗುಂಪು. ಕೆಳಗಿನ ಮೊದಲಿನವರು ಮುಂದಿನ ವರ್ಷ ಮೇಲೆ, ಮೇಲಿನ ಕೊನೆಯವರು ಕೆಳಗೆ. ಇದು ಇಂಗ್ಲಿಷ್ ಲೀಗ್ ನೋಡುವ ಹುಡುಗನೊಬ್ಬನ ತಲೆಯಿಂದ ಬಂದದ್ದು. ಅವನ ಬಾಯಲ್ಲಿ ಯಾವಾಗಲೂ ಇಂಗ್ಲೆಂಡಿನ ಲೂಟನ್ ಟೀಮು. 2014ರಲ್ಲಿ ಐದನೇ ದರ್ಜೆಯಿಂದ ಹತ್ತಲು ಶುರು ಮಾಡಿದ ಟೀಮು 2023ರಲ್ಲಿ ಎಲ್ಲಕ್ಕೂ ಮೇಲಿನ ಪ್ರೀಮಿಯರ್ ಲೀಗಿಗೆ ಬಂತು ಅಂತ. ಒಂದೇ ವರ್ಷಕ್ಕೆ ಇಳಿಯಿತು, ಅದರ ಮರುವರ್ಷ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಅದನ್ನು ಅವನು ಹೇಳುವುದಿಲ್ಲ, ನಾವೇ ನೆನಪು ಮಾಡಬೇಕು. ನಮ್ಮ ದೇಶದಲ್ಲಂತೂ ಆಟದ ಮೇಲೆ ಐ-ಲೀಗಿನಿಂದ ಐಎಸ್ಎಲ್‌ಗೆ ಹತ್ತುವ ದಾರಿ ತೆರೆದದ್ದೇ 2023ರಲ್ಲಿ, ಪಂಜಾಬ್ ಟೀಮಿನಿಂದ.

ನಮ್ಮ ಹುಡುಗರಿಗೆ ಮೇಲಿನ ಗುಂಪು ಯಾಕೆ ಬೇಕು ಅಂದರೆ ಕಾರಣ ಸರಳ. ಕೆಳಗಿನ ಗುಂಪಿನ ಆಟ ಮಧ್ಯಾಹ್ನ ಮೂರಕ್ಕೆ, ಮೇಲಿನದು ಐದಕ್ಕೆ. ಕಲಬುರಗಿಯ ಮೂರು ಗಂಟೆ ಬಿಸಿಲು ಫೆಬ್ರವರಿಯಲ್ಲೂ ಬಿಸಿಲೇ. ಹತ್ತಿದವರಿಗೆ ನೆರಳೂ ಸಿಗುತ್ತದೆ, ನೋಡುವ ಜನವೂ ಸಿಗುತ್ತಾರೆ.

ಕೆಳಗಿನ ಗುಂಪಿನ ಕೊನೆಯ ಆಟ. ನೀಲಿ, ಹಳದಿ ಅಂತ ಕರೆಯುತ್ತೇನೆ. ಹಳದಿಗೆ ಡ್ರಾ ಸಾಕು. ನೀಲಿ ಗೆಲ್ಲಲೇಬೇಕು. 1-1. ಐದು ನಿಮಿಷ ಉಳಿದಿತ್ತು. ಹಳದಿಯ ಹಿಂದಿನ ಆಟಗಾರ ಚೆಂಡನ್ನು ಕಾಲಿಂದ ತನ್ನ ಗೋಲಿಗೇ, ಅಂದರೆ ಗೋಲ್ ಕೀಪರಿಗೇ ಕೊಟ್ಟ. ಎರೆ ಮಣ್ಣಿನ ಮೈದಾನ, ಒಣಗಿದರೆ ಕಲ್ಲು. ಚೆಂಡು ಹೆಂಟೆಗೆ ತಾಗಿ ಟಣ್ ಅಂತ ಎದ್ದಿತು. ಗೋಲಿ ಗಾಬರಿಯಾಗಿ ಕೈಯಿಂದ ಹಿಡಿದ. ವಿಸಿಲ್!

ತನ್ನವರು ಬೇಕೆಂದೇ ಕಾಲಿಂದ ಕೊಟ್ಟ ಚೆಂಡನ್ನು ಗೋಲಿ ಕೈಯಿಂದ ಹಿಡಿಯಬಾರದು. 1992ರಿಂದ ಇರುವ ನಿಯಮ. ಅಲ್ಲಿಯವರೆಗೆ ನನಗೂ ಗೊತ್ತಿತ್ತು, ಮೈಕ್‌ನಲ್ಲಿ ಜಂಬದಿಂದ ಹೇಳಿದೆ. ಹಳದಿಯವರೆಲ್ಲ ಕಂಬದಿಂದ ಕಂಬಕ್ಕೆ ಸಾಲಾಗಿ ನಿಂತರು. ನೀಲಿಯ ಎತ್ತರದ ಹತ್ತು ನಾಲ್ಕು ಹೆಜ್ಜೆ ಹಿಂದೆ ಸರಿದು ಬಂದು ಸೀದಾ ಹೊಡೆದ. ಚೆಂಡು ತಲೆಗಳ ಮೇಲಿಂದ ಹೋಗಿ ಬಲೆಯ ನೆತ್ತಿಗೆ ಬಡಿಯಿತು.

“ಗೋ...ಲ್! ನೀಲಿ ಎರಡು, ಹಳದಿ ಒಂದು! ಬಿಸಿಲು ಬಿಟ್ಟು ನೆರಳಿಗೆ ಹೊಂಟರು ನೀಲಿ ಹುಡುಗರು!”

ಈ ಕೊನೆಯ ಸಾಲು ಮನೆಯಿಂದಲೇ ತಯಾರಿ ಮಾಡಿಕೊಂಡು ಹೋಗಿದ್ದೆ. ಮಂದಿ ಒಳಗೆ ನುಗ್ಗಿದರು. ರೆಫ್ರಿಯ ಒಂದು ಕೈ ಮೊದಲಿಂದ ನೆಟ್ಟಗೆ ಆಕಾಶಕ್ಕೆ ಇತ್ತು. ಈಗ ಅದನ್ನು ಇಳಿಸಿ ಗೋಲ್ ಕಿಕ್ ಅಂತ ತೋರಿಸಿದರು. ಕೈ ಮೇಲಿದ್ದರೆ ಅದು ಇಂಡೈರೆಕ್ಟ್ ಫ್ರೀ ಕಿಕ್. ಹೊಡೆದವನ ಕಾಲಿಂದ ಹೋದ ಚೆಂಡು ಇನ್ನೊಬ್ಬ ಯಾರಿಗಾದರೂ ತಾಗಿಯೇ ಒಳಗೆ ಹೋಗಬೇಕು. ಸೀದಾ ಹೋದರೆ ಗೋಲ್ ಅಲ್ಲ. ಹೊಡೆದ ಹುಡುಗನಿಗೆ ರೆಫ್ರಿ ಬೆನ್ನ ಹಿಂದೆ ಇದ್ದರು, ಕೈ ಕಾಣಲಿಲ್ಲ. ನನಗೆ ಎದುರಿಗೇ ಇತ್ತು. ನಾನು ನೋಡಲಿಲ್ಲ, ನೋಡಿದ್ದು ಚೆಂಡು.

“ಮೈಕಿನ್ಯಾಗೇ ಹೇಳ್ಯಾರಲ್ರೀ ಗೋಲ್ ಅಂತ!” ನೀಲಿಯವರ ವಾದ ಅಷ್ಟೇ. ರೆಫ್ರಿಗಿಂತ ಮೈಕ್ ದೊಡ್ಡದು. ರೆಫ್ರಿ ಆ ಗುಂಪನ್ನು ಬಿಡಿಸಿಕೊಂಡು ನನ್ನ ಟೇಬಲ್ಲಿಗೆ ಬಂದರು. ಬೈಯಲಿಲ್ಲ. “ಸರ್, ನೀವೇ ಸರಿ ಮಾಡಿ ಹೇಳ್ರಿ. ಆಮ್ಯಾಲೆ ಆಟ ಶುರು ಮಾಡ್ತೀನಿ” ಅಂದರು. ಹೇಳಿದೆ. ‘ನನ್ನ ತಪ್ಪು, ಗೋಲ್ ಇಲ್ಲ, ಆಟ ಒಂದು-ಒಂದು’ ಅಂತ ಮೂರು ಸಲ. ಮೂರನೆಯ ಸಲ ಧ್ವನಿಯೇ ಬರಲಿಲ್ಲ, ಮೈಕ್ ಮಾತ್ರ ಕುಂಯ್ ಅಂದಿತು. ಮಂದಿಯನ್ನು ಹೊರಗೆ ಹಾಕಲು ಹನ್ನೆರಡು ನಿಮಿಷ ಹಿಡಿಯಿತು. ಆಟ 1-1ಕ್ಕೇ ಮುಗಿಯಿತು. ಎತ್ತರದ ಹತ್ತು ಜರ್ಸಿ ಎಳೆದು ಮುಖಕ್ಕೆ ಮುಚ್ಚಿಕೊಂಡು ಕೂತಿದ್ದ. ಗೋಲ್ ಆಗದಿದ್ದದ್ದಕ್ಕಿಂತ, ಆಗಿದೆ ಅಂತ ಒಂದು ನಿಮಿಷ ನಂಬಿಸಿದ್ದು ಅವನಿಗೆ ಹೆಚ್ಚು ಹತ್ತಿತ್ತು.

ಸಂಜೆ ಚಹಾದ ಅಂಗಡಿಯಲ್ಲಿ ರೆಫ್ರಿ ಸಿಕ್ಕರು. ತಪ್ಪಾಯಿತು ಅಂದೆ. ಅವರು ನಕ್ಕರು. “ನಾ ಕೈ ಎತ್ತಿದ್ದು ಯಾರ ಸಲುವಾಗಿ ಅಂತ ತಿಳ್ಕೊಂಡ್ರಿ? ಬಿಸಿಲಿಗಿ ನೆರಳು ಮಾಡ್ಕೊಂಡಿದ್ನಾ?” ಆಮೇಲೆ ಅಲ್ಲೇ ನಿಂತು, ಕೈಯಲ್ಲಿ ಕಪ್ ಹಿಡಿದೇ, ಒಂದೊಂದು ಸನ್ನೆ ಮಾಡಿ ತೋರಿಸಿದರು. ಕೈ ಮುಂದೆ ಚಾಚಿದರೆ ಅಡ್ವಾಂಟೇಜ್: ಫೌಲ್ ಕಂಡಿದೆ, ಆಟ ನಿಲ್ಲಿಸುತ್ತಿಲ್ಲ ಅಷ್ಟೇ. ನಮ್ಮ ಜನ ರೆಫ್ರಿಗೆ ಅತಿ ಹೆಚ್ಚು ಬೈಯುವುದು ಇದಕ್ಕೇ. ಕುರುಡ ಅನ್ನುತ್ತಾರೆ, ಅವನು ಕಂಡಿದ್ದಾನೆ ಅಂತ ಕೈಯಲ್ಲೇ ಹೇಳುತ್ತಿರುತ್ತಾನೆ. ಹಿರಿಯರು ಅಂದ ‘ಕಾಣಲಾರದ್ದು’ ಇದೇ ಅಂತ ಆಗ ಹೊಳೆಯಿತು. ವಿಸಿಲ್ ಎಲ್ಲರಿಗೂ ಕೇಳುತ್ತದೆ. ಯಾಕೆ ಊದಿದರು ಅನ್ನುವುದು ಮೈಕ್‌ನವನು ಹೇಳಬೇಕು.

ಆಟದ ನಿಯಮಗಳು 17. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನನ್ನದೇ ಅಂಗಡಿಯಲ್ಲಿ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಹಾಕಿದೆ. ರಾತ್ರಿ ಐಎಸ್ಎಲ್ ಮ್ಯಾಚ್ ಬಂದರೆ ಟಿವಿಯ ಧ್ವನಿ ಬಂದ್ ಮಾಡಿ ನಾನೇ ಕಾಮೆಂಟರಿ ಹೇಳಲು ಕೂತೆ. ವಿಸಿಲ್ ಆದ ಕೂಡಲೇ ಚೆಂಡು ಬಿಟ್ಟು ರೆಫ್ರಿಯ ಕೈ ಹುಡುಕುವುದು, ಮನಸ್ಸಲ್ಲೇ ಎರಡು ಎಣಿಸುವುದು, ಆಮೇಲೆ ಬಾಯಿ ತೆಗೆಯುವುದು. ಹದಿನೈದು ದಿನ ಕೇಳಿದ ನನ್ನ ಹೆಂಡತಿ ಅಂದಳು: “ದೇಣಿಗಿ ಓದೋದೇ ಛಲೋ ಇತ್ತು ಬಿಡ್ರಿ.”

ಎರಡು ಎಣಿಸುವುದು ಕಷ್ಟ. ಜನ ಕುಣಿಯುತ್ತಿರುವಾಗ ಮೈಕ್ ಹಿಡಿದು ಸುಮ್ನೆ ಕೂರಬೇಕು. ನಡುಗೆರೆಯ ಕಡೆ ರೆಫ್ರಿ ಕೈ ತೋರಿಸಿದರೆ ಮಾತ್ರ ಗೋಲ್. ತೀರ್ಪು ಸರಿಯೋ ತಪ್ಪೋ ಅಂತ ಈಗ ಮೈಕ್‌ನಲ್ಲಿ ಹೇಳುವುದೇ ಇಲ್ಲ. ಟಿವಿಯಲ್ಲಿ ಕೂತವರು ಐದು ರಿಪ್ಲೇ ನೋಡಿ, ಒಮ್ಮೆ ಮಾತ್ರ ನೋಡಿದ ಮನುಷ್ಯನನ್ನು ಬೈಯುತ್ತಾರೆ. ಅವರಿಗೆ ಮೈದಾನಕ್ಕೆ ನುಗ್ಗುವ ಜನದ ಭಯವಿಲ್ಲ. ನನ್ನ ಅಭಿಪ್ರಾಯ ಏನಿದ್ದರೂ ಆಟ ಮುಗಿದ ಮೇಲೆ, ಮಿರ್ಚಿ ಭಜಿ ತಿನ್ನುತ್ತಾ.

ಆ ಗೋಲಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಚೆಂಡು ಹಳದಿ ಗೋಲಿಯ ಬೆರಳಿಗೆ ತಾಗಿತ್ತು ಅಂತ ನೀಲಿಯವರು ಹೇಳುತ್ತಾರೆ. ತಾಗಿದ್ದರೆ ಅದು ಗೋಲೇ! ಗೋಲಿನ ಹಿಂದೆ ನಿಂತವನೊಬ್ಬ ಮೊಬೈಲಲ್ಲಿ ತೆಗೆದ ವಿಡಿಯೋ ಇದೆ. ಚೆಂಡು ಮೇಲೆ ಹೋಗುವ ಹೊತ್ತಿಗೆ ಸರಿಯಾಗಿ ಒಬ್ಬನ ತಲೆ ಅಡ್ಡ ಬರುತ್ತದೆ. ಅದನ್ನು ನಿಧಾನಕ್ಕೆ ಓಡಿಸಿ ನೂರು ಸಲ ನೋಡಿದ್ದೇವೆ. ನೀಲಿಯವರಿಗೆ ಚೆಂಡು ಕೊಂಚ ತಿರುಗಿದ್ದು ಕಾಣುತ್ತದೆ. ಹಳದಿಯವರಿಗೆ ಗಾಳಿ ಕಾಣುತ್ತದೆ.

ಹೋದ ವಾರ ಆ ಗೋಲಿ ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ಮಾಡಿಸಲು ಅಂಗಡಿಗೆ ಬಂದಿದ್ದ. ಅವನ ಟೀಮ್ ಈಗ ಮೇಲಿನ ಗುಂಪಿನಲ್ಲಿ ಕೊನೆಯಿಂದ ಎರಡನೆಯದು. ಇನ್ನು ಒಂದೇ ಆಟ ಉಳಿದಿದೆ. ಬೇರೆ ಯಾರೂ ಇರಲಿಲ್ಲ. ಮೆಲ್ಲಗೆ ಕೇಳಿದೆ, “ಖರೆ ಹೇಳಪಾ, ಬೆರಳಿಗಿ ತಾಗಿತ್ತೇನು?”

ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. “ಈ ಸಲ ನಾವು ಮ್ಯಾಲೇ ಉಳದ್ರ ಹೇಳ್ತೀನ್ರಿ ಕಾಕಾ” ಅಂದ.