ಗುಳಿಗೆ ಕೊಟ್ಟರೆ ಸಾಲದು, ಹೊಟ್ಟೆಗೆ ಹೋಗಬೇಕು: ಹಳ್ಳಿಗೆ ಹೊಸದಾಗಿ ಬಂದ ಸಿಸ್ಟರ್‌ಗಳಿಗೆ

ಸಬ್‌ಸೆಂಟರ್‌ಗೆ, ಅಂದರೆ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ, ಹೊಸದಾಗಿ ಬಂದ ನರ್ಸ್ ಹುಡುಗಿಯರು ಫೋನ್ ಮಾಡಿದರೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಕ್ಕಾ, ತಿಂಗಳಾ ಐರನ್ ಗುಳಿಗೆ ಕೊಡ್ತೀನಿ, ಬಸುರಿಯರ ರಕ್ತ ಏರ್ತಾನೇ ಇಲ್ಲ. ಏನು ಮಾಡಲಿ?" ನನ್ನ ಸರ್ವಿಸಿನ ಬಹುಪಾಲು ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯ ಹಳ್ಳಿಗಳಲ್ಲೇ ಕಳೆದಿದೆ. ಅಲ್ಲಿ ಕಂಡದ್ದನ್ನು, ನನಗೆ ಕೈಹಿಡಿದದ್ದನ್ನು ಬರೆಯುತ್ತೇನೆ.

ಮೊದಲು ಮನೆಗೆ ಹೋಗಿ ಗುಳಿಗೆಯ ಪಟ್ಟಿ ನೋಡಿ. "ನುಂಗ್ತಿದೀಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು "ತಾಯಿ ಕಾರ್ಡ್ ತಾರವ್ವ, ಗುಳಿಗೆ ಎಷ್ಟು ಉಳಿದಾವ ನೋಡೋಣ" ಅನ್ನಿ. ಮಾಡಿನ ಮೇಲಿಂದಲೋ, ದೇವರ ಫೋಟೋ ಹಿಂದಿನಿಂದಲೋ ಕೆಂಪು ಗುಳಿಗೆಯ ತುಂಬಿದ ಪಟ್ಟಿಗಳು ಬರುತ್ತವೆ. ಆಗ ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಖಾಲಿ ಪಟ್ಟಿ ತೋರಿಸುತ್ತಾರೆ, ಗುಳಿಗೆ ತಿಪ್ಪೆ ಸೇರಿರುತ್ತದೆ. ಯಾಕೆ ಬಿಟ್ಟೆ ಅಂತ ಮೆತ್ತಗೆ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ.

ಮನೆಭೇಟಿಗೆ ಹೊತ್ತು ಮುಖ್ಯ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಬಾಗಿಲಿಗೆ ಬೀಗ. ಸಂಜೆ ಕೂಲಿಯಿಂದ ಬಂದು ಒಲೆ ಹಚ್ಚುವ ಹೊತ್ತಿಗೆ ಹೋಗಿ. ಊರಿನ ಆಶಾ ಕಾರ್ಯಕರ್ತೆ ಅಕ್ಕನನ್ನು ಜೊತೆಗೆ ಕರೆದುಕೊಳ್ಳಿ. ಯಾರ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನೋದು ಅವರಿಗೆ ಗೊತ್ತು.

ಬಹಳ ಮನೆಗಳಲ್ಲಿ ನಡೆಯುವುದು ಅತ್ತೆಯ ಮಾತು. "ಗುಳಗಿ ನುಂಗಿದ್ರ ಕೂಸು ದೊಡ್ಡದಾಗಿ ಹೆರಿಗಿ ತ್ರಾಸ ಆಗ್ತದ" ಅಂತ ಅವರಿಗೆ ನಿಜವಾದ ಭಯ. ಅವರ ಕಾಲದಲ್ಲಿ ಮನೆಯಲ್ಲೇ ಹೆರಿಗೆ, ಕಷ್ಟ ಕಣ್ಣಾರೆ ಕಂಡವರು. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಮಾತು ಅಲ್ಲಿಗೇ ಮುಗಿಯಿತು. ನಾನು ಅತ್ತೆಯ ಪಕ್ಕ ಕೂತು ಕೇಳುತ್ತೇನೆ, "ಯವ್ವಾ, ನಿಮ್ಮ ಕಾಲಕ್ಕ ಹೆರಿಗ್ಯಾಗ ರಕ್ತ ಹೋಗಿ ಯಾರಾದ್ರೂ ತೀರಿಕೊಂಡಿದ್ರಾ?" ಹೆಚ್ಚಿನವರಿಗೆ ಒಂದಾದರೂ ಹೆಸರು ನೆನಪಾಗುತ್ತದೆ. ಆಮೇಲೆ ಹೇಳುತ್ತೇನೆ: ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ, ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಗುಳಿಗೆ ಕೂಸನ್ನು ಹೆರಲಾಗದಷ್ಟು ದೊಡ್ಡದು ಮಾಡುವುದಿಲ್ಲ, ಸೊಸೆಯ ಜೀವ ಕಾಯುತ್ತದೆ. ಕೊನೆಗೆ ಸೊಸೆಗೆ ದಿನಾ ರಾತ್ರಿ ಗುಳಿಗೆ ಕೊಡುವ ಜವಾಬ್ದಾರಿಯನ್ನು ಅತ್ತೆಗೇ ಒಪ್ಪಿಸಿ. ಇದರಷ್ಟು ಕೆಲಸ ಮಾಡಿದ ಉಪಾಯ ನಾನು ಬೇರೆ ಕಂಡಿಲ್ಲ.

ಸೊಸೆಯ ತಕರಾರು ಬೇರೆ. ವಾಕರಿಕೆ, ಮಲಬದ್ಧತೆ, ಕಪ್ಪು ಮಲ. ಮಲ ಕಪ್ಪಾಗುತ್ತದೆ ಅಂತ ಮೊದಲ ದಿನವೇ ಹೇಳಿಬಿಡಿ, ಆಮೇಲೆ ಹೆದರುವುದಿಲ್ಲ. ಖಾಲಿ ಹೊಟ್ಟೆಗೆ ಹಿಡಿಸದವರು ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ನುಂಗಿ ಮಲಗಲಿ, ವಾಕರಿಕೆ ಗೊತ್ತಾಗುವುದಿಲ್ಲ. ಚಹಾದ ಜೊತೆ, ಹಾಲಿನ ಜೊತೆ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯೂ ಹಾಗೇ, ಎರಡಕ್ಕೂ ಎರಡು ತಾಸಾದರೂ ಅಂತರ ಇರಲಿ. ಅಕ್ಷರ ಬಾರದವರಿಗೆ ಕ್ಯಾಲ್ಸಿಯಂ ಪಟ್ಟಿಯ ಮೇಲೆ ಸೂರ್ಯ, ಐರನ್ ಪಟ್ಟಿಯ ಮೇಲೆ ಚಂದ್ರ ಬರೆದುಕೊಡಿ.

ಊಟದ ವಿಷಯದಲ್ಲಿ ದಾಳಿಂಬೆ, ಖರ್ಜೂರ ಅಂತ ಹೇಳಿ ಬರಬೇಡಿ. ಕೂಲಿ ಮಾಡುವವರು ಎಲ್ಲಿಂದ ತರಬೇಕು? ಜೋಳದ ರೊಟ್ಟಿ ಜೊತೆ ಮೊಳಕೆ ಕಾಳು, ನುಗ್ಗೆಸೊಪ್ಪು, ಶೇಂಗಾ ಚಟ್ನಿ, ಮೇಲೆ ಅರ್ಧ ನಿಂಬೆಹಣ್ಣಿನ ಹುಳಿ. ತಿನ್ನುವವರಿಗೆ ಮೊಟ್ಟೆ, ಮಾಂಸ. ನಮ್ಮ ರಾಜ್ಯದಲ್ಲಿ 2017ರಿಂದ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಇದೆ. ಬಸುರಿ ಅಂಗನವಾಡಿಗೆ ಬಂದು ಊಟ ಮಾಡುತ್ತಿದ್ದರೆ ಗುಳಿಗೆ ಅಲ್ಲೇ ಟೀಚರ್ ಎದುರು ನುಂಗಬಹುದು. ಅಲ್ಲಿ ಕೊಡುವ ಹಾಲನ್ನು ಮಾತ್ರ ಆಮೇಲೆ ಕುಡಿಯಲಿ.

ಇನ್ನು ಲೆಕ್ಕ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಗುಳಿಗೆ, ಕಡಿಮೆ ಅಂದರೂ 180 ದಿನ. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 10.9ರ ನಡುವೆ ಇದ್ದರೆ ದಿನಕ್ಕೆ ಎರಡು ಗುಳಿಗೆ, ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ಮನೆಯಲ್ಲೇ ಇಟ್ಟುಕೊಂಡು ಕಾಯಬೇಡಿ, ಡಾಕ್ಟರ್ ಹತ್ತಿರ ಕಳಿಸಿ. 7ಕ್ಕಿಂತ ಕೆಳಗಿದ್ದರೆ ಅವತ್ತೇ ಕಳಿಸಬೇಕು, ಸಾಧ್ಯವಾದರೆ ನೀವೇ ಜೊತೆಗೆ ಹೋಗಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ, ಆ ದಿನವನ್ನು ಸುಮ್ನೆ ಬಿಡಬೇಡಿ. ಬೆರಳು ಚುಚ್ಚಿದಾಗ ಮೊದಲ ಹನಿ ಒರೆಸಿ, ಮುಂದಿನ ಹನಿ ತಾನಾಗಿ ಬರಲಿ. ಹಿಂಡಿ ತೆಗೆದ ರಕ್ತದಲ್ಲಿ ನೀರು ಸೇರಿ ಲೆಕ್ಕ ತಪ್ಪುತ್ತದೆ.

ನಮ್ಮ ಕಡೆ ಬಸುರಿಯರು ಕೈತಪ್ಪುವುದು ಎರಡು ಸಂದರ್ಭದಲ್ಲಿ. ಒಂದು, ಕುಬಸ (ಸೀಮಂತ) ಮಾಡಿ ತವರಿಗೆ ಕಳಿಸಿದಾಗ. ಆಗ ಇಲ್ಲಿನ ಸಿಸ್ಟರ್ "ಅವಳು ಊರಲ್ಲಿಲ್ಲ" ಅಂತ ಬರೆಯುತ್ತಾರೆ, ಅಲ್ಲಿನವರ ಪಟ್ಟಿಯಲ್ಲಿ ಅವಳ ಹೆಸರೇ ಇರುವುದಿಲ್ಲ. ಹೆರಿಗೆ ಹತ್ತಿರ ಇರುವ ತಿಂಗಳುಗಳೇ ಹೀಗೆ ಯಾರೂ ನೋಡದೆ ಹೋಗುತ್ತವೆ. ಕುಬಸದ ದಿನ ಗೊತ್ತಾದ ಕೂಡಲೇ ತವರೂರಿನ ಸಿಸ್ಟರ್‌ಗೆ ಫೋನ್ ಮಾಡಿ ಹೆಸರು, ತಾಯಿ ಕಾರ್ಡ್ ನಂಬರ್, ಕೊನೆಯ ಹಿಮೋಗ್ಲೋಬಿನ್ ಹೇಳಿ.

ಇನ್ನೊಂದು ಗುಳೆ. ಹತ್ತಿ ಮುಗಿದ ಮೇಲೆ ಸಂಸಾರ ಸಮೇತ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ರಾತ್ರೋರಾತ್ರಿ ಲಾರಿ ಹತ್ತುವ ಮೊದಲೇ ಯಾರು ಹೊರಟಿದ್ದಾರೆ ಅಂತ ಆಶಾ ಅಕ್ಕನಿಂದ ತಿಳಿದುಕೊಳ್ಳಿ. ಸಾಕಾಗುವಷ್ಟು ಗುಳಿಗೆ, ತಾಯಿ ಕಾರ್ಡ್, ನಿಮ್ಮ ಫೋನ್ ನಂಬರ್ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡಿ. ಶೆಡ್ಡಿನಲ್ಲಿ ಮಳೆ ಬಂದರೂ ನೆನೆಯಬಾರದು. ಹದಿನೈದು ದಿನಕ್ಕೊಮ್ಮೆ ನೀವೇ ಫೋನ್ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಯುಗಾದಿಗೆ ಊರಿಗೆ ಬಂದರೆ ಅದೇ ವಾರ ಮತ್ತೆ ರಕ್ತ ಪರೀಕ್ಷೆ ಮಾಡಿ. ಹೆರಿಗೆ ಅಲ್ಲೇ ಆಗಿದ್ದರೂ ಬಾಣಂತಿಗೆ ಇನ್ನೂ 180 ದಿನದ ಗುಳಿಗೆ ಇದೆ, ಅದನ್ನು ಅವತ್ತೇ ಕೈಗೆ ಕೊಟ್ಟು ಅತ್ತೆಗೆ ಹೇಳಿ ಬನ್ನಿ.