ಯಕ್ಷಗಾನದ ಆಟದ ಫೋಟೋ ಎಡಿಟ್ ಮಾಡೋರು ಮೂಲ ಲೇಯರ್ (ಪದರ) ಮುಟ್ಬೇಡಿ

ಶಿರಸಿ, ಹೊನ್ನಾವರ ಕಡೆ ಯಕ್ಷಗಾನದ ಫೋಟೋ ಹಾಕೋರಿಗೆ ಒಂದು ಸಲಹೆ. ಸ್ಟೇಜಿನ ಎಲ್‌ಇಡಿ ಲೈಟಿಗೆ ವೇಷದ ಕೆಂಪು ಉರಿದು ಹೋಗಿ ಸೀರೆ ನೆರಿಗೇನೇ ಕಾಣಲ್ಲ, ಅದಕ್ಕೆ ಅಂತ ಇಡೀ ಫೋಟೋದ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ ಸೇವ್ ಮಾಡಿದ್ರೆ ಮುಖದ ಬಣ್ಣಾನೂ ಹೋಯ್ತು, ವಾಪಸ್ ಬರೋ ದಾರೀನೂ ಹೋಯ್ತು ಮಾರಾಯ್ರೆ.

ಫೋಟೋಶಾಪ್‌ನಲ್ಲಿ ಇಮೇಜ್ ಮೆನುಗೆ ಹೋಗ್ಬೇಡಿ, ಅದು ಮೂಲ ಫೋಟೋನೇ ಬದಲಿಸಿಬಿಡತ್ತೆ. ಲೇಯರ್ಸ್ ಪ್ಯಾನೆಲ್ ಕೆಳಗೆ ಅರ್ಧ ಕಪ್ಪು ಅರ್ಧ ಬಿಳಿ ಗುಂಡು ಐಕಾನ್ ಇದ್ಯಲ್ಲ, ಅಲ್ಲಿಂದ ಹ್ಯೂ ಸ್ಯಾಚುರೇಶನ್ ಲೇಯರ್ ತಗೊಳ್ಳಿ, ಮಾಸ್ಟರ್ (ಎಲ್ಲಾ ಬಣ್ಣ) ಬದ್ಲು ರೆಡ್ಸ್ ಆರಿಸಿ ಸ್ಯಾಚುರೇಶನ್ ಇಳಿಸಿ. ಕೆಂಪು ಪೂರ್ತಿ ಕ್ಲಿಪ್ ಆಗಿರದಿದ್ರೆ, ಅಂದ್ರೆ ಉರಿದು ವಿವರಾನೇ ಅಳಿಸಿ ಹೋಗಿರದಿದ್ರೆ, ನೆರಿಗೆ ಎದ್ದು ಬರತ್ತೆ. ಈಗ ಅದರ ಬಿಳಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿ ಮೆತ್ತಗಿನ ಬ್ರಶ್, ಫ್ಲೋ (ಬಣ್ಣ ಹರಿಯೋ ಪ್ರಮಾಣ) 20-30% ಇಟ್ಕೊಂಡು ಮುಖ, ತುಟಿ ಮೇಲೆ ಕಪ್ಪು ಬಳೀರಿ. ಕಪ್ಪು ಬಳಿದಲ್ಲಿ ಎಫೆಕ್ಟ್ ಮಾಯ, ಜಾಸ್ತಿ ಆಯ್ತಾ, ಕೀಬೋರ್ಡಲ್ಲಿ ಎಕ್ಸ್ ಒತ್ತಿ ಬಿಳಿ ಬಳೀರಿ, ಅಷ್ಟೇ. ಇರೇಸರ್ ಟೂಲ್ ಇದೆ ಅನ್ನೋದೇ ಮರ್ತು ಬಿಡಿ.

ನೇತಾಡೋ ಮೈಕ್ ವಯರ್ ತೆಗೆಯೋದಾದ್ರೆ ಖಾಲಿ ಲೇಯರ್ ಮೇಲೆ ಕ್ಲೋನ್ ಮಾಡಿ (ಪಕ್ಕದ ಭಾಗ ನಕಲು ಮಾಡಿ ಮುಚ್ಚಿ), ಸ್ಯಾಂಪಲ್ ಅನ್ನೋ ಕಡೆ 'ಕರೆಂಟ್ ಆಂಡ್ ಬಿಲೋ' ಆರಿಸಿ. ಫಿಲ್ಟರ್ ಹಾಕೋ ಮುಂಚೆ ಲೇಯರನ್ನ ಸ್ಮಾರ್ಟ್ ಆಬ್ಜೆಕ್ಟ್ ಮಾಡ್ಕೊಳ್ಳಿ, ಆಗ ಫಿಲ್ಟರ್ ಆಮೇಲೂ ಬದಲಿಸ್ಬಹುದು.

ದುಡ್ಡು ಕೊಡೋಕಾಗಲ್ಲ ಅನ್ನೋರಿಗೆ ಗಿಂಪ್ ಅನ್ನೋ ಪುಕ್ಕಟೆ ಎಡಿಟರ್ ಇದೆ, 2025ರ ಮಾರ್ಚಲ್ಲಿ ಬಂದ 3.0ದಿಂದ ಅದ್ರಲ್ಲೂ ಫಿಲ್ಟರ್ ಆಮೇಲೆ ತೆಗೆಯೋಕೆ, ಬದಲಿಸೋಕೆ ಬರತ್ತೆ. ಹಳೇ ವರ್ಶನ್ ಇದ್ರೆ ಅಪ್‌ಡೇಟ್ ಮಾಡಿ.

ಲೇಯರ್ ಉಳಿಯೋ ಪಿಎಸ್‌ಡಿ (ಫೋಟೋಶಾಪ್) ಇಲ್ಲಾ ಎಕ್ಸ್‌ಸಿಎಫ್ (ಗಿಂಪ್) ಫೈಲ್ ಇಟ್ಕೊಳ್ಳಿ, ಜೆಪೆಗ್ ವಾಟ್ಸಾಪಿಗೆ ಮಾತ್ರ.